ಒಂಟಿಯಾಗಿ ಆಡುವ ಮಗುವಿಗೆ ಅಂಗಳದಲ್ಲೇ ಚೆಂಡಾಟ: ಚೆಂಡು ಮರಳಿ ಬರುವಂತೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಪ್ರತಿ ಬೇಸಿಗೆ ರಜೆಯಲ್ಲೂ ಒಂದೇ ದೂರು ಕೇಳಿಸುತ್ತದೆ. ಬ್ಯಾಟ್ ತಂದುಕೊಟ್ಟದ್ದಾಯಿತು, ಮಾವಿನ ಮರಕ್ಕೆ ಸಾಕ್ಸಿನಲ್ಲಿ ಚೆಂಡು ತೂಗುಹಾಕಿದ್ದಾಯಿತು, ಯೂಟ್ಯೂಬ್ ನೋಡಿ ಬಾಟಲಿಗಳನ್ನು ಸಾಲಾಗಿ ಇಟ್ಟದ್ದೂ ಆಯಿತು. ಮೂರನೆಯ ದಿನಕ್ಕೆ ಹುಡುಗ ಮತ್ತೆ ಮೊಬೈಲ್ ಹಿಡಿದು ಸಿಟೌಟಿನಲ್ಲಿ ಕೂತಿರುತ್ತಾನೆ. ಅವನಿಗೆ ಆಸಕ್ತಿಯೇ ಇಲ್ಲ ಎಂದು ಮನೆಯವರು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಆಸಕ್ತಿಯ ಮಾತು ಆಮೇಲೆ. ಮೊದಲು ಹದಿನೈದು ನಿಮಿಷ ಕಿಟಕಿಯಿಂದ ನೋಡಿ: ಮಗು ಎಷ್ಟು ಹೊತ್ತು ಆಡಿತು, ಎಷ್ಟು ಹೊತ್ತು ಚೆಂಡು ಹೆಕ್ಕಿತು? ಒಂದು ಸಲ ಎಸೆದು ಎರಡು ಸಲ ಪೊದೆಯೊಳಗೆ ತಡಕಾಡುವ ಆಟದಲ್ಲಿ ದೊಡ್ಡವರೂ ನಿಲ್ಲುವುದಿಲ್ಲ. ಜೊತೆಗಾರನಿರುವಾಗ ಚೆಂಡನ್ನು ವಾಪಸು ಕಳಿಸುವುದು ಅವನ ಕೆಲಸ. ಜೊತೆಗಾರನಿಲ್ಲದಾಗ ಆ ಕೆಲಸವನ್ನು ಗೋಡೆಯೋ, ಹಗ್ಗವೋ, ಅಂಗಳದ ಇಳಿಜಾರೋ ಮಾಡಬೇಕು. ಹೆಚ್ಚಿನವರು ಆಟವನ್ನು ಮೊದಲು ಯೋಚಿಸಿ ಚೆಂಡು ಮರಳುವ ದಾರಿಯನ್ನು ಕೊನೆಗೆ ಬಿಡುತ್ತಾರೆ. ಕೆಳಗಿನ ಹಂತಗಳ ಕ್ರಮ ಇದಕ್ಕೆ ತಿರುಗಾಮುರುಗ. ಕ್ರಮವನ್ನು ಬದಲಿಸಬೇಡಿ, ಸೋಲುವುದು ಅಲ್ಲೇ.

1. ಜಾಗ: ಮೊದಲು ಮೇಲೆ ನೋಡಿ, ಆಮೇಲೆ ಕೆಳಗೆ

12 ಅಡಿ ಅಗಲ, 20 ಅಡಿ ಉದ್ದದ ಜಾಗ ಸಾಕು. ದೊಡ್ಡ ಅಂಗಳವಿದ್ದವರು ಇಡೀ ಅಂಗಳವನ್ನು ಮಗುವಿಗೆ ಬಿಟ್ಟುಕೊಡುವುದು ಉದಾರತೆಯಂತೆ ಕಂಡರೂ, ಹೆಚ್ಚು ಜಾಗವೆಂದರೆ ಹೆಚ್ಚು ಓಡಾಟ, ಅಷ್ಟೇ.

ಮೊದಲು ತಲೆ ಎತ್ತಿ ನೋಡಿ. ತೆಂಗಿನ ಮರದ ಬುಡದಿಂದ ಕನಿಷ್ಠ 15 ಅಡಿ ದೂರವಿರಿ. ಸಿಪ್ಪೆಸಹಿತ ಕಾಯಿ ಒಂದು ಕಿಲೋ ಮೀರುತ್ತದೆ, ಒಣಗಿದ ಮಡಲು ಹೇಳಿ ಕೇಳಿ ಬೀಳುವುದಿಲ್ಲ. "ಮೊನ್ನೆಯಷ್ಟೇ ಕಾಯಿ ಕೀಳಿಸಿದ್ದೇವೆ" ಎಂಬ ಸಮಾಧಾನ ಬೇಡ. ಕೀಳುವವರು ಬಿಟ್ಟುಹೋದ ಒಂದೇ ಕಾಯಿ ಸಾಕು. ಎರಡು ತೆಂಗಿನ ಮರಗಳ ನಡುವೆ ಹಗ್ಗ ಕಟ್ಟಿ ಚೆಂಡು ತೂಗುಹಾಕುವುದು ನಮ್ಮಲ್ಲಿ ಅತಿ ಸಾಮಾನ್ಯ. ಅದನ್ನು ಇಂದೇ ಬಿಚ್ಚಿ. ಮನೆಗೆ ಬರುವ ಕರೆಂಟಿನ ತಂತಿ, ಮಾಡಿನ ಹೆಂಚು, ಪಕ್ಕದ ಮನೆಯ ಕಿಟಕಿ ಗಾಜು ಎಲ್ಲಿವೆ ಎಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ.

ಇನ್ನು ಕೆಳಗೆ. ಬಾವಿ ಅಂಗಳದಲ್ಲೇ ಇದ್ದರೆ ಆಟಕ್ಕೆ ಮೊದಲು ಬಾವಿಗೆ ಮುಚ್ಚಳ. ಗ್ರಿಲ್ ಇದ್ದರೆ ಸರಿ. ಬರಿಯ ಬಲೆಯಾದರೆ ಎಲೆ ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ. ಚೆಂಡು ಬಲೆಯ ಮೇಲೆ ಕೂತರೆ ಮಗು ದಂಡೆ ಹತ್ತಿ ಕೈಚಾಚಿಯೇ ಚಾಚುತ್ತದೆ. ಗ್ರಿಲ್ ಹಾಕಿಸುವವರೆಗೆ ಆಟವನ್ನು ಮನೆಯ ಇನ್ನೊಂದು ಬದಿಗೆ ಒಯ್ಯಿರಿ.

ಈಗ ಅಂಗಳದ ಇಳಿಜಾರು ಪತ್ತೆ ಮಾಡಿ. ನಮ್ಮ ಕಡೆ ಮಳೆನೀರು ನಿಲ್ಲಬಾರದೆಂದು ಅಂಗಳಕ್ಕೆ ಸ್ವಲ್ಪವಾದರೂ ಇಳಿಜಾರು ಕೊಟ್ಟೇ ಇರುತ್ತಾರೆ. ಒಂದು ಬಕೆಟ್ ನೀರು ಸುರಿದು ಅದು ಹರಿಯುವ ದಿಕ್ಕಿಗೆ ಸುಣ್ಣದಲ್ಲಿ ಬಾಣದ ಗುರುತು ಹಾಕಿ. ಗುರಿ ಯಾವಾಗಲೂ ಎತ್ತರದ ಕಡೆ, ಮಗು ತಗ್ಗಿನ ಕಡೆ. ಈ ಒಂದು ಕೆಲಸಕ್ಕೆ ಖರ್ಚಿಲ್ಲ, ಆದರೆ ಅರ್ಧ ಓಡಾಟ ಇದರಿಂದಲೇ ಉಳಿಯುತ್ತದೆ. ಗೋಡೆ ಪಶ್ಚಿಮಕ್ಕಿದ್ದರೆ ಮಾತ್ರ ಒಂದು ತೊಡಕು: ಸಂಜೆ ಐದರ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಅಂಥ ಜಾಗದಲ್ಲಿ ಬೆಳಗ್ಗೆ ಆಡಲಿ.

ಕೊನೆಗೆ ಬದಿಗಳು. ತಪ್ಪಿದ ಚೆಂಡು ಹಾರಿಹೋಗುವುದಕ್ಕಿಂತ ಉರುಳಿಹೋಗುವುದೇ ಹೆಚ್ಚು. ಹಾಗಾಗಿ ಎತ್ತರದ ಬೇಲಿಯ ಅಗತ್ಯವಿಲ್ಲ. ಎರಡೂ ಬದಿಗೆ ಒಂದಡಿ ಎತ್ತರದಲ್ಲಿ ಅಡಿಕೆ ಸಲಾಕೆಗಳನ್ನು ಅಡ್ಡಲಾಗಿ ಕಟ್ಟಿ, ಅಥವಾ ಮರಳು ತುಂಬಿದ ಗೋಣಿಗಳನ್ನು ಸಾಲಾಗಿ ಮಲಗಿಸಿ.

2. ಚೆಂಡು: ಅಂಗಡಿಯಲ್ಲಿ ಆಗುವ ತಪ್ಪು

ಹತ್ತು ವರ್ಷದೊಳಗಿನ ಮಗುವಿಗೆ ಲೆದರ್ ಚೆಂಡು ಬೇಡ. ದೊಡ್ಡವರ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಟೆನಿಸ್ ಚೆಂಡು 56ರಿಂದ 59.4 ಗ್ರಾಂ. ಹೆಚ್ಚುಕಡಿಮೆ ಮೂರು ಪಟ್ಟು ಭಾರ. ಗಟ್ಟಿ ಚೆಂಡು ಒಮ್ಮೆ ಬೆರಳಿಗೆ ಬಡಿದರೆ ಮಗು ಕಲಿಯುವುದು ಚೆಂಡಿನಿಂದ ಮುಖ ತಿರುಗಿಸುವುದನ್ನು. ಆ ಅಭ್ಯಾಸ ಬಿಡಿಸಲು ತಿಂಗಳುಗಟ್ಟಲೆ ಬೇಕು.

ಹೊಸ ಟೆನಿಸ್ ಚೆಂಡು ಕೂಡ ಚಿಕ್ಕ ಮಕ್ಕಳಿಗೆ ಅತಿಯಾಗಿ ಪುಟಿಯುತ್ತದೆ. ಪಂದ್ಯದ ಚೆಂಡನ್ನು 100 ಇಂಚು ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 53ರಿಂದ 58 ಇಂಚು ಮೇಲೇಳಬೇಕೆಂಬ ನಿಯಮವಿದೆ. ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮನೆಯಲ್ಲಿ ಇದೇ ಪರೀಕ್ಷೆ ಮಾಡಿ. ನಿಮ್ಮ ಭುಜದ ಎತ್ತರದಿಂದ ಬಿಟ್ಟ ಚೆಂಡು ಆ ಎತ್ತರದ ಅರ್ಧದವರೆಗೂ ಬಾರದಿದ್ದರೆ ಅದು ಹಳತಾಗಿದೆ ಎಂದರ್ಥ, ಮತ್ತು ಆರೇಳು ವರ್ಷದ ಮಗುವಿಗೆ ಅದೇ ಒಳ್ಳೆಯದು. ಎಸೆಯಬೇಡಿ. ಬಣ್ಣದ ರಬ್ಬರ್ ಚೆಂಡುಗಳನ್ನು ಮಾತ್ರ ದೂರವಿಡಿ. ಅವು ಪಾಗಾರ (ಕಾಂಪೌಂಡ್ ಗೋಡೆ) ದಾಟಿ ಹೋಗುವುದಕ್ಕೆಂದೇ ಹುಟ್ಟಿದವು.

ಫುಟ್‌ಬಾಲ್ ಆದರೆ ಎಂಟು ವರ್ಷದೊಳಗೆ 3ನೇ ಸೈಜು, ಎಂಟರಿಂದ ಹನ್ನೆರಡಕ್ಕೆ 4, ಅದರ ಮೇಲೆ 5. ಅಣ್ಣನ 5ನೇ ಸೈಜಿನ ಚೆಂಡನ್ನೇ ತಮ್ಮನಿಗೂ ಕೊಡುವುದು ಉಳಿತಾಯವಲ್ಲ. ಬರಿಗಾಲಲ್ಲಿ ಆಡುವ ಮಗುವಿಗೆ ಗಾಳಿಯನ್ನು ಸ್ವಲ್ಪ ಕಡಿಮೆ ಮಾಡಿ, ಹೆಬ್ಬೆರಳಲ್ಲಿ ಒತ್ತಿದರೆ ತುಸು ತಗ್ಗುವಷ್ಟು. ಬ್ಯಾಟನ್ನು ನೆಲಕ್ಕೆ ಊರಿದಾಗ ಹಿಡಿಯ ತುದಿ ಮಗುವಿನ ಸೊಂಟದ ಹತ್ತಿರ ಬಂದರೆ ಸಾಕು. ಅದಕ್ಕಿಂತ ಉದ್ದದ್ದಾದರೆ ತೆಂಗಿನ ಕೊತ್ತಳಿಗೆಯಲ್ಲಿ ಕೆತ್ತಿದ ಬ್ಯಾಟೇ ಮೇಲು. ಅದು ಹಗುರ, ಮುರಿದರೆ ಅಳುವವರಿಲ್ಲ.

ಒಂದು ಆಟಕ್ಕೆ ಒಂದೇ ಚೆಂಡು ಎಂಬ ಶಿಸ್ತು ಇಲ್ಲಿ ಬೇಡ. ನಾಲ್ಕೈದು ಹಳೆಯ ಚೆಂಡುಗಳು ಬಕೆಟಿನಲ್ಲಿರಲಿ. ಒಂದು ಪೊದೆಗೆ ಹೋದರೆ ಆಟ ನಿಲ್ಲಬಾರದು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಹೆಕ್ಕಲಿ.

3. ಗೋಡೆಯಾಟ: ಎಲ್ಲಕ್ಕಿಂತ ಮೊದಲು ಇದು

ಬೇಕಾದದ್ದು ಒಂದು ಗೋಡೆ, ಸುಣ್ಣ, ಟೆನಿಸ್ ಚೆಂಡು. ಕೆಂಪು ಕಲ್ಲಿನ ಪಾಗಾರಕ್ಕೆ ಗಾರೆ ಮಾಡಿಸಿರದಿದ್ದರೆ ಒಂದು ವಿಷಯ ತಿಳಿದಿರಲಿ: ಆ ಕಲ್ಲಿನ ಮೈ ತುಂಬ ತೂತು. ಚೆಂಡು ತೂತಿನ ಅಂಚಿಗೆ ತಾಗಿದರೆ ಎಡಕ್ಕೋ ಬಲಕ್ಕೋ ಸಿಡಿಯುತ್ತದೆ, ಕಲ್ಲುಗಳ ನಡುವಿನ ಸಂದಿಗೆ ತಾಗಿದರೆ ಸತ್ತು ಬುಡಕ್ಕೆ ಬೀಳುತ್ತದೆ. ಹೊಸದಾಗಿ ಕಲಿಯುವ ಮಗುವಿಗೆ ಇದು ಅನ್ಯಾಯ. ನೇರ ಎಸೆದರೂ ಸೊಟ್ಟ ಬಂದರೆ ತನ್ನದೇ ತಪ್ಪು ಎಂದುಕೊಳ್ಳುತ್ತದೆ. ಗಾರೆ ಮಾಡಿದ ಗೋಡೆಯಿಂದ ಶುರುಮಾಡಿ. ಅಂಥದ್ದು ಇಲ್ಲದಿದ್ದರೆ ಹಳೆಯ ಪ್ಲೈವುಡ್ ಹಲಗೆಯನ್ನು ಪಾಗಾರಕ್ಕೆ ಒರಗಿಸಿ, ಬುಡಕ್ಕೆ ಎರಡು ಕಲ್ಲು, ಮೇಲ್ತುದಿಗೆ ಹಗ್ಗ ಕೊಟ್ಟು ಕಟ್ಟಿ. ಒರಗಿಸಿ ಮಾತ್ರ ಬಿಟ್ಟರೆ ಗಾಳಿಗೆ ಮಗುವಿನ ಮೇಲೆಯೇ ಬಿದ್ದೀತು. ಮಗು ಪಳಗಿದ ಮೇಲೆ ತೂತಿನ ಕಲ್ಲೇ ಬೇಕು. ಯಾವ ಕಡೆಗೆ ಬರುತ್ತದೆಂದು ತಿಳಿಯದ ಚೆಂಡನ್ನು ಹಿಡಿಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಗೋಡೆ ಸಿಗದು.

ಗೋಡೆಯ ಮೇಲೆ ಮಗುವಿನ ಎದೆಯ ಮಟ್ಟಕ್ಕೆ ಒಂದು ಅಡ್ಡಗೆರೆ, ತಲೆಯ ಮಟ್ಟಕ್ಕೆ ಇನ್ನೊಂದು. ಟೇಪ್ ಅಂಟಿಸಿದರೆ ಎರಡೇ ದಿನದಲ್ಲಿ ಏಳುತ್ತದೆ, ಸುಣ್ಣವೇ ಸರಿ. ನೆಲದಲ್ಲಿ ಗೋಡೆಯಿಂದ 6 ಅಡಿ, 9 ಅಡಿ, 12 ಅಡಿಗೆ ಮೂರು ಗೆರೆ.

ಮೊದಲ ಮೆಟ್ಟಿಲು: 6 ಅಡಿಯ ಗೆರೆಯಲ್ಲಿ ನಿಂತು ಕೈಯನ್ನು ಕೆಳಗಿನಿಂದ ಬೀಸಿ ಎರಡು ಗೆರೆಗಳ ನಡುವೆ ಎಸೆಯುವುದು, ಚೆಂಡು ನೆಲಕ್ಕೆ ಒಮ್ಮೆ ಪುಟಿದ ಮೇಲೆ ಎರಡು ಕೈಯಲ್ಲಿ ಹಿಡಿಯುವುದು. ಹತ್ತರಲ್ಲಿ ಏಳು ಹಿಡಿಯುವಂತಾದಾಗ ಪುಟಿಯುವ ಮೊದಲೇ ಹಿಡಿಯಲಿ. ಆಮೇಲೆ ಒಂದೇ ಕೈ. ಆಮೇಲೆ ಎಡಗೈ, ಎಡಚನಾದರೆ ಬಲಗೈ. ಇಷ್ಟಾದ ಮೇಲೆಯೇ 9 ಅಡಿ, ಮತ್ತು ಅಲ್ಲಿ ಮೇಲಿನಿಂದ ಬೀಸುವ ಎಸೆತ.

ಹೆತ್ತವರು ಇಲ್ಲಿ ಮಾಡುವ ತಪ್ಪು, ದೂರವನ್ನು ಮೊದಲು ಹೆಚ್ಚಿಸುವುದು. ದೂರ ಹೆಚ್ಚಾದರೆ ಮಗು ಬಲ ಹೆಚ್ಚಿಸುತ್ತದೆ, ಬಲ ಹೆಚ್ಚಾದರೆ ಭುಜ ಸೊಟ್ಟಗಾಗುತ್ತದೆ. ಮೇಲಿನಿಂದ ಎಸೆಯುವಾಗ ಬಲಗೈಯ ಮಗುವಿನ ಎಡಗಾಲು ಮುಂದಿರಬೇಕು, ಎಡಭುಜ ಗೋಡೆಯತ್ತ ತಿರುಗಿರಬೇಕು, ಮೊಣಕೈ ಭುಜದ ಮಟ್ಟಕ್ಕಿರಬೇಕು. ಬಾಯಲ್ಲಿ ಹೇಳಿದರೆ ನೆನಪಿರದು. ನೆಲದಲ್ಲಿ ಎರಡು ಪಾದದ ಚಿತ್ರ ಬರೆದುಬಿಡಿ; ಅದರ ಮೇಲೆ ನಿಂತರೆ ಮೈ ತಾನಾಗಿಯೇ ತಿರುಗುತ್ತದೆ.

ಹಿಡಿಯುವ ಕ್ಷಣದಲ್ಲಿ ಮಗು ಕಣ್ಣು ಮುಚ್ಚುತ್ತಿದೆಯೇ ಎಂದು ಒಮ್ಮೆ ಪಕ್ಕದಿಂದ ನೋಡಿ. ಮುಚ್ಚುತ್ತಿದ್ದರೆ ಚೆಂಡು ಗಟ್ಟಿಯಾಗಿದೆ ಅಥವಾ ಮಗು ಗೋಡೆಗೆ ತೀರಾ ಹತ್ತಿರವಿದೆ. ಸಾಕ್ಸನ್ನು ಸುತ್ತಿ ಮಾಡಿದ ಚೆಂಡು ಕೊಟ್ಟು, ಮೇಲಕ್ಕೆ ಎಸೆದು ತಾನೇ ಹಿಡಿಯುವ ಆಟಕ್ಕೆ ಒಂದು ವಾರ ಹಿಂದೆ ಹೋಗಿ.

ವಾಲಿಬಾಲ್ ಕಲಿಯುವ ಮಕ್ಕಳಿಗೂ ಇದೇ ಗೋಡೆ ಸಾಕು. ತಲೆಯ ಮೇಲೆ ಎರಡಡಿಗೆ ಇನ್ನೊಂದು ಗೆರೆ ಎಳೆದು, ಎರಡು ಮುಂಗೈ ಜೋಡಿಸಿ ಅದರ ಮೇಲಕ್ಕೆ ಚೆಂಡನ್ನು ಏರಿಸುತ್ತಿರಲಿ. ಪಂದ್ಯದ ವಾಲಿಬಾಲ್ 260ರಿಂದ 280 ಗ್ರಾಂ ತೂಗುವುದರಿಂದ ಎಳೆಯ ಮುಂಗೈ ಕೆಂಪಾಗುತ್ತದೆ. ಕಡಲತೀರದಲ್ಲಿ ಮಾರುವ ಹಗುರ ಗಾಳಿಚೆಂಡಿನಿಂದ ಶುರುಮಾಡಿ.

4. ತೂಗು ಚೆಂಡು: ಕಟ್ಟುವುದರಲ್ಲೇ ಎಲ್ಲವೂ ಇದೆ

ಅತಿ ಹೆಚ್ಚು ಜನ ಕೈಹಾಕುವುದು ಇದಕ್ಕೆ, ಅತಿ ಹೆಚ್ಚು ಜನ ಸೋಲುವುದೂ ಇಲ್ಲೇ. ಚೆಂಡು ಕಳಚಿ ಹಾರುತ್ತದೆ, ಹಗ್ಗ ಕೊಂಬೆಗೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಚೆಂಡು ವಾಪಸು ಬಂದು ಮುಖಕ್ಕೆ ಬಡಿಯುತ್ತದೆ. ಮೂರಕ್ಕೂ ಬೇರೆ ಬೇರೆ ಕಾರಣ, ಬೇರೆ ಬೇರೆ ಪರಿಹಾರ.

ಬೇಕಾದವು: ಉದ್ದನೆಯ ಹಳೆಯ ಹತ್ತಿ ಸಾಕ್ಸ್ (ಶಾಲೆಯದ್ದಾದರೆ ಉತ್ತಮ), ಟೆನಿಸ್ ಚೆಂಡು, 4 ಮಿ.ಮೀ. ನೈಲಾನ್ ಹಗ್ಗ, ಗಟ್ಟಿ ಟ್ವೈನ್ ದಾರ, ಎರಡು ಬೀಗದ ಕೈ ಉಂಗುರ.

ಚೆಂಡನ್ನು ಸಾಕ್ಸಿನ ಬೆರಳ ತುದಿಯವರೆಗೆ ಇಳಿಸಿ. ಚೆಂಡಿನ ಕುತ್ತಿಗೆಯಲ್ಲಿ ಸಾಕ್ಸನ್ನು ನಾಲ್ಕೈದು ಸುತ್ತು ತಿರುಚಿ, ಟ್ವೈನಿನಿಂದ ಬಿಗಿಯಾಗಿ ಕಟ್ಟಿ. ಉಳಿದ ಸಾಕ್ಸನ್ನು ಮಗುಚಿ ಚೆಂಡಿನ ಮೇಲೆಯೇ ಎಳೆಯಿರಿ. ಈಗ ಚೆಂಡಿಗೆ ಎರಡು ಪದರ ಬಟ್ಟೆಯಾಯಿತು, ಗಂಟು ಒಳಗೆ ಸೇರಿತು. ಇನ್ನೊಂದು ತುದಿಯಲ್ಲಿ ಮತ್ತೆ ತಿರುಚಿ, ಮತ್ತೆ ಕಟ್ಟಿ, ಅಲ್ಲಿ ಒಂದು ಉಂಗುರ ಸೇರಿಸಿ. ಒಂದೇ ಪದರ ಬಿಟ್ಟವರ ಚೆಂಡು ವಾರದೊಳಗೆ ಬೆರಳ ತುದಿಯನ್ನು ಹರಿದುಕೊಂಡು ಹೊರಬರುತ್ತದೆ.

ನೈಲಾನ್ ಹಗ್ಗ ನುಣುಪು. ಸಾದಾ ಗಂಟು ಹಾಕಿದರೆ ಹತ್ತು ಹೊಡೆತಕ್ಕೆ ಜಾರುತ್ತದೆ. ಉಂಗುರದೊಳಗೆ ಎರಡು ಸುತ್ತು ತಂದು, ಹಗ್ಗದ ಮೇಲೆ ಎರಡು ಗಂಟು ಹಾಕಿ, ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ ಗುಂಡಿಯಂತೆ ಮಾಡಿ. ಈ ಕೆಲಸ ದೊಡ್ಡವರದ್ದು. ಕರಗಿದ ನೈಲಾನ್ ಬೆರಳಿಗೆ ಅಂಟಿದರೆ ಸುಲಭವಾಗಿ ಬಿಡದು.

ಮೇಲ್ತುದಿಯನ್ನು ಕೊಂಬೆಗೆ ನೇರ ಕಟ್ಟಬೇಡಿ, ಸುತ್ತಿಕೊಳ್ಳುವುದು ಅದಕ್ಕೇ. ಎರಡು ಕಂಬಗಳ ನಡುವೆ, ಅಥವಾ ಅಂಗಳಕ್ಕೆ ಶೀಟು ಹಾಕಿದ್ದರೆ ಅದರ ಪೈಪುಗಳ ನಡುವೆ, 8 ಅಡಿ ಎತ್ತರದಲ್ಲಿ ಒಂದು ಅಡ್ಡಹಗ್ಗ ಬಿಗಿಯಿರಿ. ಎರಡನೆಯ ಉಂಗುರವನ್ನು ಅದಕ್ಕೆ ತೂರಿಸಿ, ಉಂಗುರ ಬದಿಗೆ ಜಾರದಂತೆ ಎಡಬಲ ಒಂದೊಂದು ಗಂಟು ಹಾಕಿ. ಮಾವು, ಗೇರು ಮರಗಳನ್ನೇ ಬಳಸುವುದಾದರೆ ಮೊದಲು ಎಲೆಗಳನ್ನು ನೋಡಿ. ಎಲೆಗಳು ಒಂದಕ್ಕೊಂದು ಹೊಲಿದಂತೆ ಅಂಟಿಕೊಂಡಿದ್ದರೆ ಅದು ಚಗಳಿ ಇರುವೆಯ ಗೂಡು. ಚೆಂಡಿನ ಒಂದೊಂದು ಹೊಡೆತಕ್ಕೂ ಇರುವೆಗಳು ಹಗ್ಗ ಹಿಡಿದು ಕೆಳಗಿಳಿಯುತ್ತವೆ.

ಹಗ್ಗ ಎಷ್ಟು ಉದ್ದ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ತೂಗುವ ವಸ್ತು ಹೋಗಿಬರುವ ಸಮಯವನ್ನು ಮುಖ್ಯವಾಗಿ ನಿರ್ಧರಿಸುವುದು ಹಗ್ಗದ ಉದ್ದ, ಚೆಂಡಿನ ತೂಕವಲ್ಲ. 1 ಮೀಟರ್ ಹಗ್ಗಕ್ಕೆ ಸುಮಾರು 2 ಸೆಕೆಂಡು, 2 ಮೀಟರ್ ಹಗ್ಗಕ್ಕೆ ಸುಮಾರು 2.8 ಸೆಕೆಂಡು. ಬ್ಯಾಟನ್ನು ಹಿಂದಕ್ಕೆತ್ತಿ ಮತ್ತೆ ತಯಾರಾಗಲು ಮಗುವಿಗೆ ಆ ಹೆಚ್ಚಿನ ಮುಕ್ಕಾಲು ಸೆಕೆಂಡು ಬೇಕು. ಕೈಗೆಟಕುವ ಕೊಂಬೆಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ಚೆಂಡು ಬೇಗ ಬರುತ್ತದೆ, ಮೇಲಾಗಿ ಮುಖದ ಮಟ್ಟಕ್ಕೇ ಬರುತ್ತದೆ. ಆದ್ದರಿಂದ ಉದ್ದ ಹಗ್ಗ, ಮತ್ತು ಚೆಂಡು ನೆಲದಿಂದ ಎರಡೇ ಇಂಚು ಮೇಲೆ. ಮೊಣಕಾಲಿಗಿಂತ ಮೇಲೆ ತೂಗುಹಾಕಿ ಬೀಸಿ ಹೊಡೆಯುವ ಆಟ ಒಂಟಿ ಮಗುವಿಗೆ ಬೇಡವೇ ಬೇಡ.

ಆಡುವ ಕ್ರಮ ಹೀಗೆ. ನಿಂತ ಚೆಂಡನ್ನು ಮೆಲ್ಲನೆ ಮುಂದಕ್ಕೆ ತಳ್ಳಿ, ವಾಪಸು ಬರುವಾಗ ಬ್ಯಾಟಿನಿಂದ ತಡೆದು ನಿಲ್ಲಿಸುವುದು. ಹೊಡೆಯುವುದಲ್ಲ, ನಿಲ್ಲಿಸುವುದು. ಸತತ ಐದು ಸಲ ನಿಲ್ಲಿಸಿದರೆ ಮುಂದೆ ಮೆಲ್ಲನೆ ಹೊಡೆದು, ಮರಳಿದಾಗ ಮತ್ತೆ ಹೊಡೆಯಲಿ. ಈ ಆಟದ ದೊಡ್ಡ ಉಪಕಾರವೆಂದರೆ ತಪ್ಪನ್ನು ಚೆಂಡೇ ಹೇಳುತ್ತದೆ. ಬ್ಯಾಟಿನ ಮುಖ ನೇರವಿದ್ದರೆ ಚೆಂಡು ಹೋದ ಗೆರೆಯಲ್ಲೇ ಬರುತ್ತದೆ. ಅಡ್ಡಬೀಸಿದರೆ ಚೆಂಡು ಗುಂಡಗೆ ಸುತ್ತತೊಡಗುತ್ತದೆ. ಅಪ್ಪ ಪಕ್ಕದಲ್ಲಿ ನಿಂತು "ಸ್ಟ್ರೈಟ್ ಆಡು, ಸ್ಟ್ರೈಟ್ ಆಡು" ಎಂದು ಕೂಗಬೇಕಾಗಿಲ್ಲ. ಚೆಂಡು ಸುತ್ತಿದರೆ ಮಗು ಕೈಯಲ್ಲಿ ನಿಲ್ಲಿಸಿ ಹೊಸದಾಗಿ ಶುರುಮಾಡಬೇಕೆಂಬ ನಿಯಮವೊಂದೇ ಸಾಕು.

5. ಬಲೆ ಮತ್ತು ದಂಬೆ: ಗುರಿಗೆ ಎಸೆಯುವವರಿಗೆ

ಬೌಲಿಂಗ್ ಮತ್ತು ಗುರಿಯೆಸೆತಕ್ಕೆ ಹಿಂದೊಂದು ತಡೆ ಬೇಕು. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಮೀನುಗಾರರು ಕೆಲಸಕ್ಕೆ ಬಾರದೆಂದು ಬದಿಗಿಟ್ಟ ಬಲೆ ಕೇಳಿದರೆ ಸಿಗಬಹುದು. ಕಣ್ಣು ಎರಡು ಇಂಚಿಗಿಂತ ಚಿಕ್ಕದಿರಬೇಕು. ಟೆನಿಸ್ ಚೆಂಡಿನ ಅಡ್ಡಳತೆ ಸುಮಾರು 2.6 ಇಂಚು, ಹರಿದ ಕಣ್ಣುಗಳು ಹಿಗ್ಗುತ್ತವೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಎರಡು ಮೂರು ದಿನ ಬಿಸಿಲಿಗೆ ಹಾಕಿ. ಈ ಹಂತವನ್ನು ಹಾರಿಸಿದರೆ ಮಗುವಿಗಿಂತ ಮೊದಲು ಊರಿನ ಬೆಕ್ಕುಗಳು ಆಟಕ್ಕೆ ಬರುತ್ತವೆ.

ಎರಡು ಅಡಿಕೆ ಕಂಬಗಳನ್ನು 6 ಅಡಿ ಅಂತರದಲ್ಲಿ, ಒಂದೂವರೆ ಅಡಿ ಆಳಕ್ಕೆ ಹೂಳಿ. ಬೇಸಿಗೆಯಲ್ಲಿ ಈ ಕೆಂಪು ಮಣ್ಣು ಕಲ್ಲಿನಷ್ಟೇ ಗಟ್ಟಿ. ಹಿಂದಿನ ಸಂಜೆಯೇ ನೀರು ಹೊಯ್ದಿಡಿ. ಒಂದಡಿಗೇ ಮುರಕಲ್ಲು ಸಿಕ್ಕಿತೆಂದಾದರೆ ಪೇಂಟಿನ ಖಾಲಿ ಡ್ರಮ್ಮಿನಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ಬಿಗಿದ ಬಲೆ ಚೆಂಡನ್ನು ಎಲ್ಲೆಂದರಲ್ಲಿಗೆ ಸಿಡಿಸುತ್ತದೆ. ಜೋಲುಬಿಟ್ಟ ಬಲೆ ಅದರ ವೇಗ ನುಂಗಿ ಅಲ್ಲೇ ಕೆಳಗೆ ಬೀಳಿಸುತ್ತದೆ. ಕಟ್ಟಲು ಕಬ್ಬಿಣದ ತಂತಿ ಬಳಸದಿರುವುದೇ ಲೇಸು. ಕಡಲ ಗಾಳಿಗೆ ಬೇಗ ತುಕ್ಕು ಹಿಡಿದು ತುದಿಗಳು ಕೈ ಗೀರುತ್ತವೆ.

ಬೌಲಿಂಗಿಗೆ ಬಲೆಯ ಕೆಳಂಚು ನೆಲಕ್ಕೆ ತಾಗಿರಲಿ. ಅಂಗಳದ ಎತ್ತರದ ಕಡೆ ಬಲೆ ಇದ್ದರೆ ಬಿದ್ದ ಚೆಂಡು ತಾನಾಗಿ ಮಗುವಿನತ್ತ ಉರುಳುತ್ತದೆ. ಮೇಲಿನ ಗುರಿಗೆ ಎಸೆಯುವುದಾದರೆ ದಂಬೆಯ ಸಹಾಯ ಪಡೆಯಿರಿ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ ತಿರುಳು ಕೆರೆದು ನೀರು ಹಾಯಿಸಲು ಮಾಡುವ ಅದೇ ದಂಬೆ. ಬಲೆಯ ಕೆಳಂಚನ್ನು ಎರಡಡಿ ಎತ್ತರದಲ್ಲಿ, ಒಂದಡಿ ಮುಂದಕ್ಕೆ ಎಳೆದು ಹೊಟ್ಟೆಯಂತೆ ಮಾಡಿ, ಅದರ ತುದಿಯನ್ನು ಅಡ್ಡಲಾಗಿ ಇಟ್ಟ ದಂಬೆಯ ಅಂಚಿಗೆ ಕಟ್ಟಿ. ಆ ಅಡ್ಡ ದಂಬೆ ಒಂದು ಬದಿಗೆ ಅರ್ಧ ಅಡಿ ವಾಲಿರಲಿ. ವಾಲಿದ ಮೂಲೆಯಿಂದ ಇನ್ನೊಂದು ದಂಬೆ ಮಗು ನಿಲ್ಲುವ ಜಾಗದವರೆಗೆ ಇಳಿಯಲಿ. 15 ಅಡಿಯ ಓಟಕ್ಕೆ ಒಂದೂವರೆ ಅಡಿ ಇಳಿಜಾರು ಧಾರಾಳ. ಬಲೆಗೆ ಬಿದ್ದ ಚೆಂಡು ಗಡಗಡನೆ ಉರುಳಿ ಕಾಲ ಬುಡಕ್ಕೆ ಬರುವುದನ್ನು ನೋಡಿದ ಮಗು ಅದಕ್ಕೆಂದೇ ಇನ್ನೊಮ್ಮೆ ಎಸೆಯುತ್ತದೆ. ದಂಬೆಯ ಒಳಮೈಯನ್ನು ಇಟ್ಟಿಗೆ ಚೂರಿನಿಂದ ಉಜ್ಜದೆ ಬಿಡಬೇಡಿ, ನಾರಿನ ಎಳೆಗಳು ಬೆರಳಿಗೆ ಹೊಕ್ಕುತ್ತವೆ. ದಂಬೆ ಸಿಗದ ಪೇಟೆಯವರು 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿಕೊಳ್ಳಬಹುದು.

ಗುರಿಯ ಅಳತೆಯಲ್ಲಿ ಜಿಪುಣತನ ಬೇಡ. ನಿಜವಾದ ಮೂರು ಸ್ಟಂಪುಗಳ ಒಟ್ಟು ಅಗಲ 9 ಇಂಚು, ಎತ್ತರ 28 ಇಂಚು. ಏಳು ವರ್ಷದ ಮಗು ಅದಕ್ಕೆ ಹತ್ತು ಎಸೆದರೆ ಒಂದು ತಾಗಿದರೆ ಹೆಚ್ಚು. 27 ಇಂಚು ಅಗಲದ ಗೋಣಿಚೀಲ ನೇತುಹಾಕಿ ಶುರುಮಾಡಿ. ಹತ್ತರಲ್ಲಿ ಏಳು ತಾಗಿದಾಗ 18 ಇಂಚಿಗೆ ಮಡಚಿ, ಮತ್ತೆ 9ಕ್ಕೆ. ಎಸೆಯುವ ದೂರ 20 ಅಡಿ ಸಾಕು. ನಿಜವಾದ ಪಿಚ್ಚಿನ 22 ಗಜ ನಿಮ್ಮ ಅಂಗಳದಲ್ಲಿ ಇದ್ದರೂ ಬೇಡ.

ಬ್ಯಾಸ್ಕೆಟ್‌ಬಾಲ್ ಆಸೆಯಿದ್ದರೆ ತಳ ಕತ್ತರಿಸಿದ ಬಕೆಟನ್ನು ಕಂಬಕ್ಕೆ 7 ಅಡಿಯಲ್ಲಿ ಕಟ್ಟಿ, ಕತ್ತರಿಸಿದ ಅಂಚಿಗೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಹೊದಿಸಿ. ದೊಡ್ಡವರ ಉಂಗುರ 10 ಅಡಿ ಎತ್ತರದಲ್ಲಿರುತ್ತದೆ. ಅಷ್ಟು ಮೇಲಕ್ಕೆ ಚಿಕ್ಕ ಮಗು ಎಸೆಯುವುದು ಸೊಂಟದ ಬಲದಿಂದ, ಕೈಯ ಹದದಿಂದಲ್ಲ.

6. ಕಾಲಿನ ಆಟ

ಈರುಳ್ಳಿ ಬರುವ ಬಲೆಚೀಲದಲ್ಲಿ ಫುಟ್‌ಬಾಲ್ ಹಾಕಿ, ಬಾಯಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಮಗುವಿನ ಕೈಗೆ ಕೊಡಿ. ಕೈ ಸೊಂಟದ ಹತ್ತಿರವಿದ್ದಾಗ ಚೆಂಡು ಪಾದದಿಂದ ಒಂದು ಗೇಣು ಮೇಲಿರಬೇಕು. ಪಾದದ ಮೇಲ್ಭಾಗದಿಂದ ತಟ್ಟುತ್ತಾ ಎಣಿಸಲಿ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಲು ಬಿಡಬೇಡಿ, ಎಡವಿ ಬಿದ್ದಾಗ ಕೈ ಊರಲು ಆಗುವುದಿಲ್ಲ.

ಚೆಂಡನ್ನು ಸುತ್ತಿಸಿ ಒಯ್ಯುವ ಅಭ್ಯಾಸಕ್ಕೆ ತೆಂಗಿನಕಾಯಿಯ ಒಣ ಸಿಪ್ಪೆಯಷ್ಟು ಒಳ್ಳೆಯ ಗುರುತು ಬೇರಿಲ್ಲ. ತಾಗಿದರೆ ನೋವಿಲ್ಲ, ಗಾಳಿಗೆ ಹಾರುವುದಿಲ್ಲ. ಗೆರಟೆ ಮಾತ್ರ ಇಡಬೇಡಿ, ಒಡೆದ ಅಂಚು ಬರಿಗಾಲಿಗೆ ಚಾಕುವಾಗುತ್ತದೆ. ಆರು ಸಿಪ್ಪೆಗಳನ್ನು ಮೂರಡಿಗೊಂದರಂತೆ ಇಟ್ಟು, ಹೋಗುವಾಗ ಬಲಗಾಲು, ಬರುವಾಗ ಎಡಗಾಲು. ಕೊನೆಯ ಸಿಪ್ಪೆ ದಾಟಿದ ಮೇಲೆ ಗೋಡೆಗೆ ಒಂದು ಪಾಸ್, ಮರಳಿದ ಚೆಂಡನ್ನು ಪಾದದಡಿ ನಿಲ್ಲಿಸಿದರೆ ಒಂದು ಸುತ್ತು. ಮಗು ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತದೆ, ಮೊದಲು ಹಾಗೆಯೇ ಇರಲಿ. ಕೆಲವು ವಾರ ಕಳೆದ ಮೇಲೆ ಗೋಡೆಯ ಮೇಲೆ ದಿನಕ್ಕೊಂದು ಅಂಕಿ ಬರೆದಿಟ್ಟು, ಓಡುತ್ತಲೇ ಅದನ್ನು ಓದಿ ಹೇಳುವ ನಿಯಮ ಸೇರಿಸಿ.

7. ಅಂಕ: ಎದುರಾಳಿ ಇಲ್ಲದ ಕೊರತೆ ನೀಗಿಸುವುದು

ಒಂಟಿ ಮಗು ಆಡುವುದು ನಿನ್ನೆಯ ತನ್ನೊಂದಿಗೆ. ಅದಕ್ಕೆ ನಿನ್ನೆಯದ್ದು ಕಣ್ಣಿಗೆ ಕಾಣುವಂತಿರಬೇಕು. ಗೋಡೆಯ ಮೂಲೆಯಲ್ಲಿ ಮಸಿಯಿಂದ ಬರೆದರೂ ಸರಿ, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಾದರೂ ಸರಿ. ಗೋಡೆಯಾಟಕ್ಕೆ ಎರಡು ಕೈಯ ಹಿಡಿತಕ್ಕೆ 1, ಒಂದು ಕೈಗೆ 2, ಪಳಗದ ಕೈಗೆ 3 ಅಂಕ. ಒಟ್ಟು ಇಪ್ಪತ್ತು ಎಸೆತ. ಎಸೆತಗಳ ಸಂಖ್ಯೆ ಗೊತ್ತುಮಾಡಿ, ಸಮಯವನ್ನಲ್ಲ. ಗಡಿಯಾರ ಇಟ್ಟರೆ ಅವಸರ, ಅವಸರದಲ್ಲಿ ಭುಜವೂ ಕಾಲೂ ಎಲ್ಲೆಲ್ಲಿಗೋ ಹೋಗುತ್ತವೆ.

ಅಂಕವನ್ನು ಮಗುವೇ ಬರೆಯಲಿ. ಸುಳ್ಳು ಬರೆಯುತ್ತದೆಯೇ? ಬರೆಯುತ್ತದೆ, ಮೊದಲ ವಾರ. ಅದಕ್ಕೆ ತನಿಖೆ ಬೇಡ. ಸುಳ್ಳು ಅಂಕವನ್ನು ಮರುದಿನ ತಾನೇ ಮೀರಿಸಬೇಕಾಗುತ್ತದೆ ಎಂಬುದು ಬೇಗ ಅರ್ಥವಾಗುತ್ತದೆ.

ಹತ್ತರಲ್ಲಿ ಏಳು ಸಿಗುತ್ತಿದ್ದರೆ ಆಟ ಹದವಾಗಿದೆ. ಒಂಬತ್ತು ಸಿಗುತ್ತಿದ್ದರೆ ಒಂದು ಮೆಟ್ಟಿಲು ಮೇಲೆ, ನಾಲ್ಕಕ್ಕಿಂತ ಕಡಿಮೆಯಾದರೆ ಒಂದು ಮೆಟ್ಟಿಲು ಕೆಳಗೆ. ಒಮ್ಮೆಗೆ ಒಂದನ್ನೇ ಬದಲಿಸಿ: ದೂರ, ಇಲ್ಲವೇ ಗುರಿಯ ಅಗಲ, ಇಲ್ಲವೇ ಕೈ. ಎರಡನ್ನು ಒಟ್ಟಿಗೆ ಬದಲಿಸಿದರೆ ಎಡವಿದ್ದು ಎಲ್ಲಿ ಎಂದು ತಿಳಿಯುವುದಿಲ್ಲ. ಆಟದ ಸಾಮಾನು ದಿನವೂ ಬಿಚ್ಚಿ ಕಟ್ಟುವಂತಿರಬಾರದು. ಚೆಂಡಿನ ಬಕೆಟು ಬಾಗಿಲ ಪಕ್ಕದಲ್ಲೇ ಇರಲಿ. ಅಪ್ಪ ಕಚೇರಿಯಿಂದ ಬಂದು ಹಗ್ಗ ಕಟ್ಟಿಕೊಡಬೇಕಾದರೆ ಅದು ಅಪ್ಪನ ಆಟವಾಯಿತು.

8. ನಿಲ್ಲಿಸಬೇಕಾದ ಸೂಚನೆಗಳು

ಮೊಣಕೈಯ ಒಳಬದಿ ಅಥವಾ ಭುಜ ನೋವೆಂದರೆ ಎಸೆಯುವ ಆಟ ಅಂದೇ ನಿಲ್ಲಬೇಕು. ಕಾಲಿನ ಆಟಕ್ಕೆ ಬದಲಾಯಿಸಿ. ಒಂದು ವಾರದಲ್ಲಿ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಎಂಟರಿಂದ ಹದಿಮೂರರ ವಯಸ್ಸಿನಲ್ಲಿ ಹಿಮ್ಮಡಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ, ಬೆಳೆಯುವ ಮೂಳೆಯ ಮೇಲೆ ಬೀಳುವ ಎಳೆತದಿಂದ. ಇಂಟರ್‌ಲಾಕ್ ಅಂಗಳದಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳು ಸ್ವಲ್ಪ ದಿನ ಓಟ ಬಿಟ್ಟು ಗೋಡೆಯಾಟ ಆಡಲಿ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಅಂಗಳ ಬೇಡ. ಈ ಕಡೆಯ ಸೆಖೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮಗು ಮಂಕಾದರೆ, ತಲೆನೋವು ಎಂದರೆ ನೆರಳು, ನೀರು, ವಿಶ್ರಾಂತಿ.

ಸಾಮಾನಿನ ಸೂಚನೆಗಳೂ ಇವೆ. ನೈಲಾನ್ ಹಗ್ಗ ಉಜ್ಜಿದಾಗ ಬಿಳಿ ಪುಡಿ ಕೈಗಂಟಿದರೆ ಬಿಸಿಲಿಗೆ ಸತ್ತಿದೆ, ಬದಲಿಸಿ. ಅಡಿಕೆ ಕಂಬದ ಬುಡವನ್ನು ತಿಂಗಳಿಗೊಮ್ಮೆ ಅಲುಗಿಸಿ ನೋಡಿ, ಗೆದ್ದಲು ಹೊರಗಿನಿಂದ ಕಾಣುವುದಿಲ್ಲ. ಚೆಂಡು ಪೊದೆಗೋ ಕಲ್ಲಿನ ಸಂದಿಗೋ ಹೋದರೆ ಕೈ ಹಾಕಬಾರದು, ಕೋಲಿನಿಂದ ತಟ್ಟಿ ಎಳೆಯಬೇಕು. ಹಾವು ಇದೆಯೋ ಇಲ್ಲವೋ ಎಂಬ ಚರ್ಚೆ ಅನಗತ್ಯ, ಕೋಲು ಬಕೆಟಿನ ಪಕ್ಕದಲ್ಲೇ ಒರಗಿರಲಿ.

9. ಮಳೆಗಾಲಕ್ಕೆ ಬದಲಾವಣೆ

ಜೂನ್ ಮೊದಲ ವಾರಕ್ಕೆ ಮೊದಲು ಬಲೆ ಬಿಚ್ಚಿ ಒಣಗಿಸಿ ಒಳಗಿಡಿ. ದಂಬೆಯನ್ನು ಮಾಡಿನಡಿ ಎತ್ತರದಲ್ಲಿ ಮಲಗಿಸಿ. ಅಂಗಳದಲ್ಲಿ ಪಾಚಿ ಹಿಡಿದ ಮೇಲೆ, ಮಳೆ ಬಿಟ್ಟ ದಿನವೂ ಓಡುವ ಆಟ ಬೇಡ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ ಜಾಗದಲ್ಲಿ ಮಾತ್ರ, ಅದೂ ತೊಳೆದು ಒಣಗಿದ ಮೇಲೆ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಸಬೇಡಿ. ಇಲಿಜ್ವರ ಹರಡುವುದು ಅಂಥ ನೀರಿನಿಂದಲೇ.

ಶೀಟು ಹಾಕಿದ ಅಂಗಳವಿದ್ದವರಿಗೆ ತೂಗು ಚೆಂಡು ವರ್ಷವಿಡೀ ನಡೆಯುತ್ತದೆ, ಸಾಕ್ಸ್ ಒದ್ದೆಯಾದರೆ ಬದಲಿಸಬೇಕು ಅಷ್ಟೇ. ಒದ್ದೆ ಸಾಕ್ಸಿನ ಚೆಂಡು ಭಾರವಾಗಿ ಬ್ಯಾಟಿನ ಹಿಡಿ ಅದುರುತ್ತದೆ. ಉಳಿದವರು ಚಾವಡಿಯಲ್ಲಿ ಸಾಕ್ಸ್ ಸುತ್ತಿದ ಚೆಂಡಿನಿಂದ ಗೋಡೆಯಾಟವನ್ನು 6 ಅಡಿಯಿಂದ ಮತ್ತೆ ಶುರುಮಾಡಬಹುದು. ಪುಟಿಯದ ಚೆಂಡಾದ್ದರಿಂದ ನಿಯಮ ಬದಲಿಸಿ: ಗೋಡೆಗೆ ತಾಗಿ ನೆಲಕ್ಕೆ ಬೀಳುವ ಮೊದಲು ಹಿಡಿಯಬೇಕು, ಹಿಡಿಯುವ ಮುನ್ನ ಒಮ್ಮೆ ಚಪ್ಪಾಳೆ. ಅಜ್ಜಿಯ ಮಧ್ಯಾಹ್ನದ ನಿದ್ದೆಯ ಹೊತ್ತಾದರೆ ಚಪ್ಪಾಳೆಯ ಬದಲು ಮೊಣಕಾಲು ಮುಟ್ಟುವ ನಿಯಮ ಮಾಡಿ. ಟಿವಿ ಇರುವ ಗೋಡೆಗೂ ಅದರ ಎದುರಿನ ಗೋಡೆಗೂ ಎಸೆಯಬೇಡಿ, ತಪ್ಪಿದ ಚೆಂಡು ಹಿಂದಕ್ಕೆ ಹೋಗುವುದು ಟಿವಿಗೇ. ಅಡ್ಡಗೋಡೆಯನ್ನು ಆರಿಸಿ.